ಆರು ಕ್ಯಾಬಿನ್, ಮೂರು ಮುದಿ ನಾಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ರೆಸಾರ್ಟಿನಲ್ಲಿರುವುದು ಆರು ಮರದ ಕ್ಯಾಬಿನ್, ಒಂದು ಆಫೀಸು, ಮೂರು ಮುದಿ ನಾಯಿ, ನಾವಿಬ್ಬರು ಗಂಡ ಹೆಂಡತಿ. ಫೋನ್ ಮಾಡುವವರು ಬಿಸಿನೀರು ಬರುತ್ತಾ ಅಂತ ಆಮೇಲೆ ಕೇಳುತ್ತಾರೆ, ರಾಜ ಹೇಗಿದ್ದಾನೆ ಅಂತ ಮೊದಲು ಕೇಳುತ್ತಾರೆ. ಒಂದೇ ಉತ್ತರವನ್ನು ದಿನಕ್ಕೆ ಐದು ಸಲ ಹೇಳಿ ಹೇಳಿ ಸಾಕಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಓದಿದ ಮೇಲೂ ಫೋನ್ ಮಾಡ್ತೀರಿ, ಗೊತ್ತು. ಮಾಡಿ.

ಫೋಟೋದಲ್ಲಿರುವ ನಾಯಿಗಳು ಈಗಲೂ ಇವೆಯಾ?

ಫೋಟೋದಲ್ಲಿ ನಾಲ್ಕಿವೆ. ಈಗ ಮೂರು. ನಾಲ್ಕನೆಯವನ ವಿಷಯ ಕೆಳಗೆ ಬರುತ್ತದೆ.

ಆ ಫೋಟೋ ತೆಗೆದು ಎಂಟು ವರ್ಷ ಆಯಿತು. ಅದರಲ್ಲಿ ರಾಜ ಬೇಲಿ ಹಾರುತ್ತಿದ್ದಾನೆ. ಈಗ ಅವನಿಗೆ 13. ಹೊಸ್ತಿಲು ದಾಟುವುದಕ್ಕೂ ಒಂದು ಸಲ ನಿಂತು ಯೋಚನೆ ಮಾಡುತ್ತಾನೆ. ಅರ್ಧ ಲ್ಯಾಬ್ರಡಾರ್, ಇನ್ನರ್ಧ ಏನು ಅಂತ ಅವನ ಅಮ್ಮನಿಗೇ ಗೊತ್ತು. ಸೊಂಟದ ಕೀಲು ಸವೆದಿದೆ, ಕಿವಿ ಪೂರ್ತಿ ಹೋಗಿದೆ. ಗುಂಡನಿಗೆ 11. ಹೃದಯ ಸ್ವಲ್ಪ ದುರ್ಬಲ, ಹೊಟ್ಟೆ ಮಾತ್ರ ಭಾರೀ ಗಟ್ಟಿ. ಪುಟ್ಟಿಗೆ 16. ಐದು ಕೆಜಿ ಇದ್ದಾಳೆ, ಆದರೂ ಉಳಿದಿಬ್ಬರೂ ಅವಳಿಗೆ ದಾರಿ ಬಿಡುತ್ತಾರೆ. ಅವಳಿಗೆ ಈಗ ಮರೆವು.

ಹೊಸ ಫೋಟೋ ಹಾಕಿ ಅಂತ ಕೆಲವರು ಹೇಳಿದ್ದಾರೆ. ತೆಗೆದೆ. ಮೂವರೂ ಮಲಗಿರುವ ಫೋಟೋನೇ ಬಂತು. ಹದಿನಾಲ್ಕು ಸಲ ಪ್ರಯತ್ನಪಟ್ಟೆ, ಹದಿನಾಲ್ಕರಲ್ಲೂ ಮಲಗೇ ಇದ್ದಾರೆ.

ನಿಮ್ಮ ದಿನ ಹೇಗೆ ಶುರುವಾಗುತ್ತದೆ?

ರಾಜ ಏಳುವುದರಿಂದ. ಅಲಾರಂ ಇಟ್ಟುಕೊಳ್ಳುವ ಅಭ್ಯಾಸ ಬಿಟ್ಟು ಮೂರು ವರ್ಷ ಆಯಿತು.

ಐದು ಗಂಟೆ ಸುಮಾರಿಗೆ ಅವನ ಉಗುರು ನೆಲ ಕೆರೆಯುವ ಸದ್ದು ಕೇಳುತ್ತದೆ. ಮೊದಲು ಮುಂಗಾಲು ಎರಡೂ ಊರುತ್ತಾನೆ. ಹಾಗೇ ಕೂತ ಭಂಗಿಯಲ್ಲಿ ಸ್ವಲ್ಪ ಹೊತ್ತು. ಆಮೇಲೆ ಹಿಂಭಾಗ ಎತ್ತಲು ನೋಡುತ್ತಾನೆ, ಎಡಗಾಲು ಜಾರುತ್ತದೆ, ತಿರುಗಿ ನನ್ನ ಕಡೆ ನೋಡುತ್ತಾನೆ. ಜಾರಿಸಿದ್ದು ನಾನೇ ಅನ್ನೋ ಥರ. ನಾನು ಹೊಟ್ಟೆಯ ಕೆಳಗೆ ಒಂದು ಹಳೇ ಟವೆಲ್ ಹಾಕಿ ಎರಡು ತುದಿ ಹಿಡಿದು ಮೆಲ್ಲಗೆ ಎತ್ತುತ್ತೇನೆ. ನಾಲ್ಕು ಹೆಜ್ಜೆ ಟವೆಲ್ ಜೊತೆ. ಐದನೇ ಹೆಜ್ಜೆಗೆ ಅವನೇ ಟವೆಲ್ ಬಿಟ್ಟು ಮುಂದೆ ಹೋಗುತ್ತಾನೆ. ಕೀಲುನೋವಿನ ನಾಯಿಗೆ ಮೊದಲ ಹತ್ತು ನಿಮಿಷವೇ ಕಷ್ಟ. ಮೈ ಬಿಸಿಯಾದ ಮೇಲೆ ಪರವಾಗಿಲ್ಲ.

ಆಫೀಸಿನಿಂದ ಮೆಟ್ಟಿಲ ತನಕ ನೆಲದ ಮೇಲೆ ರಬ್ಬರ್ ಮ್ಯಾಟು ಸಾಲಾಗಿ ಹಾಸಿದ್ದೇವಲ್ಲ, ಅದು ಇವನಿಗೇ. ಪಾಲಿಶ್ ಮಾಡಿದ ಮರದ ನೆಲ ನೋಡುವುದಕ್ಕೆ ಚೆಂದ, ಮುದಿ ನಾಯಿಗೆ ಅದು ಮಂಜುಗಡ್ಡೆ. ನೆಲ ಪಾಲಿಶ್ ಮಾಡಿಸಿದ ವರ್ಷವೇ ಮ್ಯಾಟು ತಂದು ಮುಚ್ಚಿದೆವು. ಆ ಖರ್ಚಿನ ಬಗ್ಗೆ ಇವರು, ಅಂದರೆ ನನ್ನ ಗಂಡ, ಇವತ್ತಿಗೂ ಮಾತಾಡುವುದಿಲ್ಲ.

ಆ ಮೂವರ ಕೆಲಸ ಮುಗಿದ ಮೇಲೆ ನಮ್ಮದು. ಮಾತ್ರೆ, ಊಟ, ಮತ್ತೆ ಮಾತ್ರೆ. ಇವರು ನೀರಿನ ಟ್ಯಾಂಕು ನೋಡಿ, ಸೌದೆ ಒಡೆದು, ರಾತ್ರಿ ಬಿದ್ದ ಕೊಂಬೆ ಎತ್ತುತ್ತಾರೆ. ನಾನು ಲಾಂಡ್ರಿ ಹಾಕುತ್ತೇನೆ. ಒಂದು ಕ್ಯಾಬಿನ್ ಖಾಲಿಯಾದರೆ ಬೆಡ್‌ಶೀಟು, ದಿಂಬಿನ ಕವರು, ಟವೆಲು ಸೇರಿ ಎರಡು ಲೋಡು. ಅದರ ಜೊತೆಗೆ ಪುಟ್ಟಿಯ ಹಾಸಿಗೆ ದಿನಾ ಒಂದು. ರೆಸಾರ್ಟ್ ನಡೆಸುವುದು ಅಂದರೆ ಬೆಟ್ಟ ನೋಡುತ್ತಾ ಕಾಫಿ ಕುಡಿಯುವುದು ಅಂದುಕೊಂಡವರಿಗೆ ನಾನು ಬಟ್ಟೆ ಒಣಗಿಸುವ ಹಗ್ಗ ತೋರಿಸುತ್ತೇನೆ.

ಗೇಟಿನ ಒಳಗೆ ಕಾರು ನಡೆಯುವ ವೇಗದಲ್ಲೇ ಬರಬೇಕು ಅಂತ ಯಾಕಿಷ್ಟು ಹಟ?

ನಮ್ಮ ಬೋರ್ಡಿನಲ್ಲಿರುವ ಒಂದೊಂದು ನಿಯಮದ ಹಿಂದೆಯೂ ಒಂದೊಂದು ನಾಯಿ ಇದೆ. ಇದರ ಹಿಂದೆ ಇರುವುದು ರಾಜ.

ಕಾರಿನ ನೆರಳು ಅವನಿಗೆ ಇಷ್ಟ. ಸಣ್ಣವನಿದ್ದಾಗ ಎಂಜಿನ್ ಸದ್ದಾದರೆ ಎದ್ದು ಓಡುತ್ತಿದ್ದ. ಈಗ ಕಿವಿ ಕೇಳಿಸದು. ಎರಡು ವರ್ಷದ ಹಿಂದೆ ಒಂದು ಸಂಜೆ ಕಾರೊಂದು ರಿವರ್ಸ್ ತೆಗೆದುಕೊಳ್ಳುತ್ತಿತ್ತು. ಹಿಂದಿನ ಬಿಳಿ ದೀಪದ ಬೆಳಕು ಇವನ ಬೆನ್ನ ಮೇಲೆ ಬಿದ್ದದ್ದು ನನಗೆ ಕಾಣಿಸಿತು. ಕೂಗಿದರೆ ಇವನಿಗೂ ಕೇಳಿಸದು, ಗಾಜು ಏರಿಸಿದ್ದ ಡ್ರೈವರಿಗೂ ಕೇಳಿಸದು. ಓಡಿ ಹೋಗಿ ಡಿಕ್ಕಿಯ ಮೇಲೆ ಅಂಗೈಯಿಂದ ಬಡಿದೆ. ಕಾರು ನಿಂತಿತು. ಮಧ್ಯೆ ಇದ್ದದ್ದು ಒಂದು ಮೊಳ. ರಾಜ ಎಚ್ಚರ ಕೂಡ ಆಗಿರಲಿಲ್ಲ.

ಹಾಗಾಗಿ ಕಾರು ತೆಗೆಯುವ ಮೊದಲು ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿ. ರಾತ್ರಿ ಬರುವವರಾದರೆ ಗೇಟಿನಲ್ಲಿ ಫೋನ್ ಮಾಡಿ. ನಮ್ಮಲ್ಲೊಬ್ಬರು ಟಾರ್ಚ್ ಹಿಡಿದು ಮುಂದೆ ನಡೆಯುತ್ತೇವೆ.

ನಾಯಿಯ 13 ವರ್ಷ ಅಂದರೆ ನಮ್ಮ 91 ಅಲ್ವಾ?

ಏಳರಿಂದ ಗುಣಿಸುವ ಲೆಕ್ಕ ಸರಿಯಿಲ್ಲ. ಒಂದು ವರ್ಷದ ನಾಯಿಗೆ ಮರಿ ಹಾಕುವ ವಯಸ್ಸಾಗಿರುತ್ತದೆ, ಏಳು ವರ್ಷದ ಮಗುವಿಗೆ ಹಾಲುಹಲ್ಲು ಬೀಳುತ್ತಿರುತ್ತದೆ. ಹೋಲಿಕೆ ಎಲ್ಲಿ?

2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 104 ಲ್ಯಾಬ್ರಡಾರ್‌ಗಳ ಡಿಎನ್‌ಎ ಮೇಲೆ ವಯಸ್ಸು ಬಿಡುವ ಗುರುತುಗಳನ್ನು ನೋಡಿ ಬೇರೆ ಲೆಕ್ಕ ಕೊಟ್ಟರು. ಅದರ ಪ್ರಕಾರ ಒಂದು ವರ್ಷದ ನಾಯಿ ಸುಮಾರು 31ರ ಮನುಷ್ಯ. ಏಳರ ನಾಯಿ 62. ಆಮೇಲೆ ವೇಗ ಕಡಿಮೆಯಾಗುತ್ತದೆ, 13ರ ನಾಯಿ 72ರ ಆಸುಪಾಸು. ಅದು ಲ್ಯಾಬ್ರಡಾರ್ ಲೆಕ್ಕ. ದೊಡ್ಡ ಜಾತಿಯವು ಬೇಗ ಮುಪ್ಪಾಗುತ್ತವೆ, ಪುಟ್ಟಿಯಂಥ ಸಣ್ಣವು ಜಾಸ್ತಿ ದಿನ ಬಾಳುತ್ತವೆ.

ಅತಿ ಹೆಚ್ಚು ಬದುಕಿದ ನಾಯಿ ಯಾವುದು ಅಂತ ಮಕ್ಕಳು ಕೇಳುತ್ತಾರೆ. ಆಸ್ಟ್ರೇಲಿಯಾದ ಬ್ಲೂಯಿ. 1910ರಿಂದ 1939ರವರೆಗೆ, 29 ವರ್ಷ 5 ತಿಂಗಳು. ಪೋರ್ಚುಗಲ್‌ನ ಬೋಬಿ 31 ದಾಟಿತ್ತು ಅಂತ 2023ರಲ್ಲಿ ದಾಖಲೆಗೆ ಸೇರಿಸಿದ್ದರು, ಪುರಾವೆ ಸಾಲದು ಅಂತ 2024ರಲ್ಲಿ ಗಿನ್ನೆಸ್‌ನವರೇ ಹಿಂದಕ್ಕೆ ತೆಗೆದುಕೊಂಡರು. ಪುಟ್ಟಿಗೆ ಈ ಸ್ಪರ್ಧೆಯಲ್ಲಿ ಆಸಕ್ತಿ ಇಲ್ಲ.

ಮಕ್ಕಳು ಮುಟ್ಟಬಹುದಾ? ಕಚ್ಚುತ್ತವಾ?

ಇಷ್ಟು ವರ್ಷದಲ್ಲಿ ಯಾರನ್ನೂ ಕಚ್ಚಿಲ್ಲ. ಆದರೆ ನೋವಿರುವ, ಕಿವಿ ಕೇಳದ ನಾಯಿ ಬೆಚ್ಚಿಬಿದ್ದರೆ ಬಾಯಿ ಹಾಕಬಹುದು. ಅದು ಕೆಟ್ಟತನ ಅಲ್ಲ, ಗಾಬರಿ. ಮಲಗಿದ್ದಾಗ ಮುಟ್ಟಬೇಡಿ. ರಾಜನನ್ನು ಎಬ್ಬಿಸಬೇಕಾದರೆ ಹತ್ತಿರ ನಿಂತು ನೆಲವನ್ನು ಕಾಲಿನಿಂದ ಎರಡು ಸಲ ತಟ್ಟಿ. ಮರದ ಹಲಗೆ ಅದುರುತ್ತದೆ, ಅವನಿಗೆ ಗೊತ್ತಾಗುತ್ತದೆ. ಕಣ್ಣು ಬಿಟ್ಟ ಮೇಲೆ ಕೈ ಮೂಸಲು ಕೊಡಿ. ಆಮೇಲೆ ಎದೆ, ಕುತ್ತಿಗೆ ಸವರಿ. ಸೊಂಟ ಬೇಡ, ನೋಯುತ್ತದೆ.

ಮೂವರಿಗೂ ರೇಬಿಸ್ ಲಸಿಕೆ ತಪ್ಪದೆ ಹಾಕಿಸುತ್ತೇವೆ, ಪುಸ್ತಕ ಆಫೀಸಿನಲ್ಲಿದೆ. ನಮ್ಮದಲ್ಲ, ದಾರಿಯಲ್ಲಿ ಯಾವುದೋ ನಾಯಿ ಹಲ್ಲು ತಾಗಿಸಿದರೆ ಮುಚ್ಚಿಡಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಒಂದೇ ಒಂದು ಬಿಸ್ಕತ್ತು?

ಬೇಡ.

ನೋಡಿ, ಆರು ಕ್ಯಾಬಿನ್, ಒಂದೊಂದರಲ್ಲಿ ನಾಲ್ಕು ಜನ. ಎಲ್ಲರೂ ಒಂದೊಂದೇ ಕೊಟ್ಟರೆ ಇಪ್ಪತ್ತನಾಲ್ಕು. ಗುಂಡ ಎಲ್ಲರ ಹತ್ತಿರವೂ ಹೋಗುತ್ತಾನೆ, ಎಲ್ಲ ಬಾಗಿಲಲ್ಲೂ ಮೂರು ದಿನದಿಂದ ಉಪವಾಸ ಅನ್ನೋ ಮುಖ ಹಾಕುತ್ತಾನೆ. ಐದು ನಿಮಿಷದ ಹಿಂದೆ ಊಟ ಆಗಿರುತ್ತದೆ. ಒಂದು ರಜೆ ಸೀಸನ್ ಮುಗಿಯುವಷ್ಟರಲ್ಲಿ ಅವನು ನಾಲ್ಕು ಕೆಜಿ ಏರಿದ್ದ. ಇಳಿಸುವುದಕ್ಕೆ ಎಂಟು ತಿಂಗಳು ಹಿಡಿಯಿತು.

ತೂಕದ ವಿಷಯದಲ್ಲಿ ನಾನು ಕಟುಕಳಾಗಲು ಒಂದು ಕಾರಣ ಇದೆ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿಯಾಗಿ ಇಟ್ಟು, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಊಟ ಹಾಕಿ, ಜೀವನಪೂರ್ತಿ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದ ಗುಂಪಿನ ಮಧ್ಯಮ ಆಯಸ್ಸು 13 ವರ್ಷ, ಜಾಸ್ತಿ ತಿಂದವರದು 11.2. ಸುಮಾರು ಎರಡು ವರ್ಷ ವ್ಯತ್ಯಾಸ. ಕೀಲುನೋವೂ ತಡವಾಗಿ ಬಂತು. ಆ ಎರಡು ವರ್ಷ ನನಗೆ ಬೇಕು. ಗುಂಡ ಬೈದುಕೊಳ್ಳಲಿ.

ಬಿಸ್ಕತ್ತಿಗಿಂತ ಕೆಟ್ಟವೂ ಇವೆ. ಚಾಕೊಲೇಟು, ಅದರಲ್ಲೂ ಕಪ್ಪಗಿರುವುದು. ದ್ರಾಕ್ಷಿ, ಒಣದ್ರಾಕ್ಷಿ, ಇವು ಕಿಡ್ನಿ ಕೆಡಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ ರಕ್ತಕ್ಕೆ ಕೆಡುಕು. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಸಾಮಾನ್ಯವಾಗಿ ಹಾಕುವ ಕ್ಸೈಲಿಟಾಲ್ ಅಂತೂ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆ ಪಾತಾಳಕ್ಕಿಳಿಸಬಹುದು. ಒಂದು ಸಲ ಹುಟ್ಟುಹಬ್ಬದ ಚಾಕೊಲೇಟ್ ಕೇಕನ್ನು ಜಗುಲಿಯ ಮೇಲೆ ಇಟ್ಟು ಎಲ್ಲರೂ ಫೋಟೋ ತೆಗೆಯಲು ಅಂಗಳಕ್ಕೆ ಇಳಿದರು. ತಿರುಗಿ ನೋಡಿದಾಗ ತಟ್ಟೆ ಹೊಳೆಯುತ್ತಿತ್ತು, ಗುಂಡನ ಮೂಗಿನ ತುದಿಯಲ್ಲಿ ಒಂದು ಮೇಣದಬತ್ತಿ ಅಂಟಿಕೊಂಡಿತ್ತು. ಈಗ ನಗು ಬರುತ್ತದೆ. ಅವತ್ತು ವೆಟ್ (ಪ್ರಾಣಿಗಳ ಡಾಕ್ಟರು) ಹತ್ತಿರ ಕಾರು ಓಡಿಸಿದ ಒಂದು ಗಂಟೆ ಯಾರೂ ನಗಲಿಲ್ಲ.

ರಾತ್ರಿ ಎರಡು ಗಂಟೆಗೆ ಹೊರಗೆ ಯಾರೋ ನಡೆದಾಡಿದ ಹಾಗಾಯಿತು. ಕಾಡುಪ್ರಾಣಿನಾ?

ಪುಟ್ಟಿ. ಅವಳ ಹಿಂದೆ ನಾನು.

ಮುದಿ ನಾಯಿಗಳಿಗೂ ನಮ್ಮ ಹಾಗೆ ಮರೆವಿನ ಕಾಯಿಲೆ ಬರುತ್ತದೆ. ಒಂದು ಅಧ್ಯಯನದಲ್ಲಿ 11–12 ವರ್ಷದ ನಾಯಿಗಳಲ್ಲಿ 28% ನಾಯಿಗಳಿಗೂ, 15–16 ವರ್ಷದವುಗಳಲ್ಲಿ 68% ನಾಯಿಗಳಿಗೂ ಅದರ ಒಂದಾದರೂ ಲಕ್ಷಣ ಇತ್ತು. ಹಗಲಿಡೀ ನಿದ್ದೆ, ರಾತ್ರಿಯಿಡೀ ತಿರುಗಾಟ. ಗೊತ್ತಿರುವ ಜಾಗದಲ್ಲೇ ದಾರಿ ತಪ್ಪುವುದು. ಮನೆಯೊಳಗೆ ಉಚ್ಚೆ ಮಾಡುವುದು. ಪರಿಚಿತರನ್ನು ಪರಿಚಯವಿಲ್ಲದ ಹಾಗೆ ನೋಡುವುದು.

ನನಗೆ ಮೊದಲು ಗೊತ್ತಾದದ್ದು ಬಾಗಿಲಿನಿಂದ. ಹದಿನೈದು ವರ್ಷ ಅದೇ ಬಾಗಿಲಿನಲ್ಲಿ ಓಡಾಡಿದವಳು ಒಂದು ದಿನ ತಿರುಗಣಿ ಇರುವ ಕಡೆ ಮೂಗು ಇಟ್ಟುಕೊಂಡು ನಿಂತಿದ್ದಳು. ಬಾಗಿಲು ತೆರೆದೇ ಇತ್ತು. ಅವಳು ಮಾತ್ರ ತೆರೆಯದ ಕಡೆ ಕಾಯುತ್ತಿದ್ದಳು. ತಮಾಷೆ ಅಂದುಕೊಂಡೆ. ಮಾರನೇ ದಿನವೂ ಹಾಗೇ ನಿಂತಳು, ಆಗ ತಮಾಷೆ ಅನಿಸಲಿಲ್ಲ. ವೆಟ್‌ಗೆ ಹೇಳಿದಾಗ ಅವರು ಕೇಳಿದ ಎರಡನೇ ಪ್ರಶ್ನೆಯೇ ಬಾಗಿಲಿನದ್ದು.

ಈಗ ಏನು ಮಾಡುತ್ತೇವೆ ಅಂದರೆ, ಕುರ್ಚಿ ಮೇಜು ಸರಿಸುವುದಿಲ್ಲ. ದಾರಿಯುದ್ದಕ್ಕೂ ಸಣ್ಣ ದೀಪ ರಾತ್ರಿಪೂರ್ತಿ ಉರಿಯುತ್ತದೆ. ಸಂಜೆ ಅವಳನ್ನು ಜಾಸ್ತಿ ಹೊತ್ತು ಎಚ್ಚರ ಇರಿಸಿ ನಡೆಸುತ್ತೇನೆ. ಆದರೂ ವಾರಕ್ಕೆ ಮೂರು ರಾತ್ರಿ ಎದ್ದೇ ಏಳುತ್ತಾಳೆ. ಒಂದು, ಎರಡು, ಮೂರು, ಹೀಗೆ ಕ್ಯಾಬಿನ್‌ಗಳನ್ನು ಸರದಿ ಪ್ರಕಾರ ಸುತ್ತುತ್ತಾಳೆ. ಮೊದಲೆಲ್ಲ ರಾತ್ರಿ ಕಾವಲು ಸುತ್ತು ಹಾಕುತ್ತಿದ್ದವಳೇ ಅವಳು. ಬೇರೆಲ್ಲ ಮರೆತರೂ ಅದೊಂದು ಉಳಿದಿದೆ. ದೀಪದ ಬೆಳಕಿನಲ್ಲಿ ರಾತ್ರಿ ಉಡುಪಿನ ಹೆಂಗಸೊಬ್ಬಳು ಕಂಡರೆ ಹೆದರಬೇಡಿ.

ಪುಟ್ಟಿಯ ಕಣ್ಣು ನೀಲಿ ಮಂಜು ಕವಿದ ಹಾಗಿದೆ. ಕುರುಡಾ?

ಅಲ್ಲ. ವಯಸ್ಸಾದಂತೆ ನಾಯಿಯ ಕಣ್ಣಿನ ಮಸೂರ ಗಟ್ಟಿಯಾಗಿ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ನೋಟಕ್ಕೆ ಹೆಚ್ಚಿಗೆ ತೊಂದರೆ ಇಲ್ಲ. ಕಣ್ಣಿನ ಪೊರೆ ಬೇರೆ, ಅದು ಹಾಲಿನ ಹಾಗೆ ಬೆಳ್ಳಗೆ, ಬೆಳಕನ್ನೇ ತಡೆಯುತ್ತದೆ. ಎರಡರಲ್ಲಿ ಯಾವುದು ಅಂತ ನೀವೇ ತೀರ್ಮಾನ ಮಾಡಬೇಡಿ, ವೆಟ್ ಲೈಟು ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ರಾಜ ಕುಂಟುತ್ತಿದ್ದಾನೆ ಪಾಪ. ನನ್ನ ಬ್ಯಾಗಿನಲ್ಲಿ ನೋವಿನ ಮಾತ್ರೆ ಇದೆ, ಕೊಡಲಾ?

ದಯವಿಟ್ಟು ಬೇಡ. ಐಬುಪ್ರೊಫೇನ್, ಪ್ಯಾರಾಸಿಟಮಾಲ್ ನಮಗೆ ಸಾಮಾನ್ಯ, ನಾಯಿಗೆ ವಿಷ ಆಗಬಹುದು. ಅವನಿಗೆ ವೆಟ್ ಬರೆದುಕೊಟ್ಟ ಔಷಧ ನಡೆಯುತ್ತಿದೆ. ಆರು ತಿಂಗಳಿಗೊಮ್ಮೆ ಲಿವರ್, ಕಿಡ್ನಿ ಪರೀಕ್ಷೆ ಮಾಡಿಸುತ್ತೇವೆ. ಕುಂಟುವುದು ನಿಮಗೆ ಇವತ್ತು ಕಂಡಿದೆ, ನಾವು ನಾಲ್ಕು ವರ್ಷದಿಂದ ನೋಡುತ್ತಿದ್ದೇವೆ. ಕರುಣೆ ಇದ್ದರೆ ಅವನ ವೇಗಕ್ಕೆ ನಡೆಯಿರಿ.

ನಮ್ಮ ನಾಯಿಯನ್ನು ಕರೆತರಬಹುದಾ?

ಐದು ಮತ್ತು ಆರನೇ ಕ್ಯಾಬಿನ್‌ಗೆ ಮಾತ್ರ. ಲಸಿಕೆ ಪುಸ್ತಕ ತನ್ನಿ, ನಾಯಿಯಿಂದ ನಾಯಿಗೆ ಹರಡುವ ಕೆನ್ನೆಲ್ ಕೆಮ್ಮಿನದ್ದೂ ಸೇರಿ. ಗುಂಡನ ಹೃದಯಕ್ಕೆ ಈ ವಯಸ್ಸಿನಲ್ಲಿ ಕೆಮ್ಮು ಬಂದರೆ ಕಷ್ಟ. ಅಂಗಳದಲ್ಲಿ ಹಗ್ಗ ಬಿಚ್ಚಬೇಡಿ. ನಿಮ್ಮ ನಾಯಿ ತುಂಬಾ ಒಳ್ಳೆಯದು, ಆಟ ಆಡುವುದಕ್ಕೆ ಹೋಗುತ್ತದೆ ಅಷ್ಟೇ, ನಂಬುತ್ತೇನೆ. ಆದರೆ ಮೂವತ್ತು ಕೆಜಿಯ ಪ್ರೀತಿ ಓಡಿ ಬಂದು ಗುದ್ದಿದರೆ ರಾಜನಿಗೆ ಏಳಲು ಆಗುವುದಿಲ್ಲ.

ನಾಯಿ ಅಲರ್ಜಿ ಇದೆ. ಬರಬಹುದಾ?

ಒಂದು ಮತ್ತು ಎರಡನೇ ಕ್ಯಾಬಿನ್ನಿಗೆ ನಾಯಿ ಕಾಲಿಟ್ಟಿಲ್ಲ. ಆದರೂ ಕಷ್ಟ ಆಗಬಹುದು. ಅಲರ್ಜಿ ತರುವುದು ಕೂದಲಿಗಿಂತ ಎಂಜಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನ್, ಅದು ನಮ್ಮ ಬಟ್ಟೆಗೂ ಅಂಟಿರುತ್ತದೆ. ಜೋರಾಗಿ ಉಸಿರಾಟದ ತೊಂದರೆ ಇರುವವರು ಬೇರೆ ಜಾಗ ನೋಡುವುದೇ ಒಳ್ಳೆಯದು. ಇದನ್ನು ಬುಕಿಂಗ್‌ಗೆ ಮೊದಲೇ ಹೇಳಿಬಿಡುತ್ತೇವೆ.

ಕ್ಯಾಬಿನ್‌ನಲ್ಲಿ ಇಲಿ ಇದೆಯಾ? ಪಾಷಾಣ ಯಾಕೆ ಇಡುವುದಿಲ್ಲ?

ಮರದ ಕಟ್ಟಡ, ಸುತ್ತ ಕಾಡು, ಒಳಗೆ ನಿಮ್ಮ ಕುರುಕಲು. ಇಲಿ ಬರದೆ ಇರುತ್ತಾ? ಬೆರಳು ತೂರುವಷ್ಟು ಸಂದು ಸಾಕು. ಸ್ಟೀಲ್ ಉಣ್ಣೆ ತುರುಕಿ ಸಂದು ಮುಚ್ಚುತ್ತೇವೆ, ಬೋನು ಇಡುತ್ತೇವೆ, ಬಾಯಿ ಗಟ್ಟಿ ಮುಚ್ಚುವ ಡಬ್ಬಿ ಕೊಟ್ಟಿದ್ದೇವೆ, ತಿಂಡಿ ಅದರಲ್ಲೇ ಇಡಿ.

ಪಾಷಾಣ ಇಡದೆ ಇರುವುದಕ್ಕೆ ಕಾರಣ ಗುಂಡ. ಒಂದು ವರ್ಷ ಕೀಟ ನಿಯಂತ್ರಣಕ್ಕೆ ಕರೆಸಿದ್ದ ಒಬ್ಬರು ನಾವು ಬೇಡ ಅಂದಿದ್ದರೂ ಸೌದೆ ರಾಶಿಯ ಹಿಂದೆ ನೀಲಿ ಬಣ್ಣದ ಬಿಲ್ಲೆ ಇಟ್ಟು ಹೋದರು. ಗುಂಡ ತಿಂದದ್ದು ಯಾರಿಗೂ ಗೊತ್ತಾಗಲಿಲ್ಲ. ಆ ಥರದ ವಿಷ ರಕ್ತ ಹೆಪ್ಪುಗಟ್ಟುವುದನ್ನು ನಿಲ್ಲಿಸುತ್ತದೆ. ಮೂರ್ನಾಲ್ಕು ದಿನ ನಾಯಿ ಆರಾಮಾಗೇ ಇರುತ್ತದೆ, ಅದೇ ಮೋಸ. ನಾಲ್ಕನೇ ದಿನ ಅವನ ವಸಡು ಕಾಗದದ ಹಾಗೆ ಬಿಳಿಚಿಕೊಂಡಿತ್ತು. ವಿಟಮಿನ್ ಕೆ1 ಅದಕ್ಕೆ ಮದ್ದು. ಸುಮಾರು ಒಂದು ತಿಂಗಳು ಕೊಟ್ಟೆವು. ಬದುಕಿದ.

ಅವತ್ತಿನಿಂದ ದಿನಾ ಬೆಳಿಗ್ಗೆ ಮೂವರ ತುಟಿ ಎತ್ತಿ ವಸಡು ನೋಡುತ್ತೇನೆ. ಗುಲಾಬಿ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು.

ವೆಟ್ ಒಂದು ಗಂಟೆ ದೂರ ಅಂದಿರಿ. ಹೆದರಿಕೆ ಆಗುವುದಿಲ್ವಾ?

ಆಗುತ್ತದೆ. ಅದಕ್ಕೇ ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬಹುದು ಅಂತ ಕಲಿತಿದ್ದೇವೆ. ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನಪಟ್ಟು ಏನೂ ಬರದಿದ್ದರೆ ಒಂದು ನಿಮಿಷವೂ ಕಾಯುವಂತಿಲ್ಲ. ಹೊಟ್ಟೆ ತಿರುಚಿಕೊಂಡಿರಬಹುದು. ವಸಡು ಬಿಳಿಚಿದರೆ, ಉಚ್ಚೆ ಬರದಿದ್ದರೆ, ಫಿಟ್ಸ್ ನಿಲ್ಲದಿದ್ದರೆ ಅದೇ ಮಾತು.

ಗುಂಡ ಮಲಗಿದ್ದಾಗ ನಾನು ವಾಚು ಹಿಡಿದು ಪಕ್ಕದಲ್ಲಿ ಕೂತಿರುವುದನ್ನು ನೀವು ನೋಡಿರಬಹುದು. ಉಸಿರು ಎಣಿಸುತ್ತಿರುತ್ತೇನೆ. ಪಕ್ಕೆ ಒಂದು ಸಲ ಏರಿ ಇಳಿದರೆ ಒಂದು. ನಿದ್ದೆಯಲ್ಲಿ ನಿಮಿಷಕ್ಕೆ 30ರೊಳಗೆ ಇರಬೇಕು. ಅವನದು 22, 24. ದಿನದಿಂದ ದಿನಕ್ಕೆ ಏರುತ್ತಾ 30 ದಾಟಿದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ ಅನ್ನುವ ಸುಳಿವು. ಆ ಹೊತ್ತಿಗೆ ಯಾರಾದರೂ ವೈಫೈ ಪಾಸ್‌ವರ್ಡ್ ಕೇಳಲು ಬಂದರೆ ಬೆರಳು ಎತ್ತಿ ತೋರಿಸುತ್ತೇನೆ, ಸ್ವಲ್ಪ ತಾಳಿ ಅಂತ. ಬೇಜಾರು ಮಾಡಿಕೊಳ್ಳಬೇಡಿ.

ಕಾಯಬಹುದಾದದ್ದನ್ನು ಕಲಿತದ್ದು ರಾಜನಿಂದ. ಒಂದು ಬೆಳಿಗ್ಗೆ ಎದ್ದವನೇ ಪಕ್ಕಕ್ಕೆ ಉರುಳಿದ. ತಲೆ ಓರೆ, ಕಣ್ಣುಗುಡ್ಡೆ ಎಡಕ್ಕೂ ಬಲಕ್ಕೂ ಓಡುತ್ತಿವೆ. ಪಾರ್ಶ್ವವಾಯು, ಮುಗೀತು ಅಂತ ಅಳುತ್ತಲೇ ಕಾರಿಗೆ ಹಾಕಿದೆವು. ಒಳಕಿವಿಯ ಸಮತೋಲನ ಕೆಡುವ, ಮುದಿ ನಾಯಿಗಳಿಗೆ ಇದ್ದಕ್ಕಿದ್ದಂತೆ ಬರುವ ತೊಂದರೆ ಅದು ಅಂತ ವೆಟ್ ಹೇಳಿದರು. ಮೂರು ದಿನದಲ್ಲಿ ಸುಧಾರಿಸಿದ, ಎರಡು ವಾರದಲ್ಲಿ ನಡೆದ. ತಲೆ ಸ್ವಲ್ಪ ಓರೆಯಾಗಿಯೇ ಉಳಿದಿದೆ. ನೀವು ಹೇಳುವುದನ್ನು ಅನುಮಾನದಿಂದ ಕೇಳಿಸಿಕೊಳ್ಳುವ ಹಾಗೆ ಕಾಣುತ್ತದಲ್ಲ, ಅದು ಇದೇ. ಮೊದಲ ಸಲ ನೋಡಿದ್ದರೆ ಮನೆಯಲ್ಲಿ ಕಾಯಬೇಡಿ, ತೋರಿಸಿಯೇ ಬಿಡಿ.

ಒಲೆ ಹಚ್ಚುವುದು, ಟಾಯ್ಲೆಟ್, ಇತ್ಯಾದಿ?

ಒಣ ಸೌದೆಯನ್ನೇ ಹಾಕಿ, ಬಾಗಿಲ ಬಳಿ ಇಟ್ಟಿರುತ್ತೇವೆ. ಹಸಿ ಸೌದೆ ಹೊಗೆ ಕಾರಿ ಚಿಮಣಿಗೆ ಜಿಡ್ಡು ಹಿಡಿಸುತ್ತದೆ, ಅದಕ್ಕೇ ಬೆಂಕಿ ಹತ್ತಬಹುದು. ಕಾರ್ಬನ್ ಮೊನಾಕ್ಸೈಡ್ ಅಲಾರಂನ ಬ್ಯಾಟರಿ ತೆಗೆದು ಟಾರ್ಚಿಗೆ ಹಾಕಿಕೊಳ್ಳಬೇಡಿ. ಒಬ್ಬರು ಹಾಕಿಕೊಂಡಿದ್ದರು. ಆ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಒದ್ದೆ ವೈಪ್ಸ್ ಟಾಯ್ಲೆಟ್ಟಿಗೆ ಹಾಕಬೇಡಿ. ಸೆಪ್ಟಿಕ್ ಟ್ಯಾಂಕಿಗೆ ಇಳಿಯುವವರು ಇವರು, ಆಮೇಲೆ ಎರಡು ದಿನ ಅವರ ಜೊತೆ ಇರಬೇಕಾದವಳು ನಾನು.

ನೀವು ರಜೆ ತೆಗೆದುಕೊಳ್ಳುವುದಿಲ್ವಾ?

ಒಬ್ಬರು ಹೋಗುತ್ತೇವೆ, ಒಬ್ಬರು ಇರುತ್ತೇವೆ. ಫ್ರಿಜ್ ಬಾಗಿಲಿಗೆ ಅಂಟಿಸಿರುವ ಮಾತ್ರೆ ಪಟ್ಟಿಯಲ್ಲಿ ದಿನಕ್ಕೆ ಹನ್ನೊಂದು ಗೆರೆ ಇದೆ. ಬೇರೆಯವರಿಗೆ ಒಪ್ಪಿಸಿ ಒಂದು ಸಲ ಇಬ್ಬರೂ ಮದುವೆಗೆ ಹೋಗಿದ್ದೆವು. ಊಟಕ್ಕೆ ಕೂತ ಮೇಲೆ ನಾಲ್ಕು ಸಲ ಫೋನ್ ಮಾಡಿದೆ. ಐದನೇ ಸಲಕ್ಕೆ ಅವರು ಫೋನ್ ಎತ್ತಲಿಲ್ಲ, ನಾವು ಎದ್ದು ಬಂದೆವು. ನೋಡಿದರೆ ಗುಂಡನ ಜೊತೆ ಜಗುಲಿಯಲ್ಲಿ ಗಾಢ ನಿದ್ದೆ, ಇಬ್ಬರೂ ಗೊರಕೆ.

ಮುದಿ ನಾಯಿಗಳಿಂದ ವ್ಯಾಪಾರಕ್ಕೆ ಪೆಟ್ಟು ಬೀಳುವುದಿಲ್ವಾ?

ಬೀಳುತ್ತದೆ. ಆಫೀಸಿನಲ್ಲಿ ವಾಸನೆ ಅಂತ ಒಂದು ಸ್ಟಾರ್ ಕೊಟ್ಟವರಿದ್ದಾರೆ. ಅವರು ಹೇಳಿದ್ದು ಸುಳ್ಳಲ್ಲ, ಅವತ್ತು ಪುಟ್ಟಿ ಮೂರು ಸಲ ಒದ್ದೆ ಮಾಡಿದ್ದಳು. ನೋಡಲು ಸಂಕಟ ಆಗುತ್ತೆ, ಒಳಗೆ ಕಟ್ಟಿಹಾಕಿ ಅಂದವರೂ ಇದ್ದಾರೆ. ಅವರಿಗೆ ನಯವಾಗಿ ದುಡ್ಡು ವಾಪಸ್ ಕೊಟ್ಟೆವು. ಅಷ್ಟೇನೂ ನಯವಾಗಿ ಇರಲಿಲ್ಲ, ಇವರನ್ನು ಕೇಳಿದರೆ.

ಇನ್ನೊಂದು ಕಡೆ, ವರ್ಷ ವರ್ಷ ಬರುವವರು ಈ ನಾಯಿಗಳಿಗೋಸ್ಕರವೇ ಬರುತ್ತಾರೆ. ಅಂಬೆಗಾಲಿಡುತ್ತಾ ರಾಜನ ಕಿವಿ ಎಳೆದಿದ್ದ ಹುಡುಗಿ ಈಗ ಹೈಸ್ಕೂಲು. ಹೋದ ಸಲ ಬಂದಾಗ ಕೇಳದೆಯೇ ಟವೆಲ್ ತೆಗೆದುಕೊಂಡು ಅವನನ್ನು ಎತ್ತಿದಳು. ಹೇಗೆ ಹಿಡಿಯಬೇಕು ಅಂತ ನಾನು ಹೇಳಿಕೊಡಬೇಕಾಗಲಿಲ್ಲ.

ಮೋತಿ ಎಲ್ಲಿ?

ಫೋಟೋದ ನಾಲ್ಕನೆಯವನು. ಹೋದ ವರ್ಷ ಹೋದ. ನಾಲ್ಕನೇ ಕ್ಯಾಬಿನ್ನಿನ ಹಿಂದೆ, ಮರದ ಕೆಳಗೆ ಇದ್ದಾನೆ.

ಹೇಗೆ ತೀರ್ಮಾನ ಮಾಡಿದಿರಿ ಅಂತ ಮನೆಯಲ್ಲಿ ಮುದಿ ನಾಯಿ ಇರುವವರು ಮೆಲ್ಲಗೆ ಕೇಳುತ್ತಾರೆ, ಹೊರಡುವ ದಿನ, ಬ್ಯಾಗು ಕಾರಿಗೆ ಹಾಕಿದ ಮೇಲೆ. ಹೇಳುತ್ತೇನೆ. ಬುಕಿಂಗ್ ಕ್ಯಾಲೆಂಡರಿನಲ್ಲೇ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದೆ. ಚೆನ್ನಾಗಿದ್ದ ದಿನಕ್ಕೆ ಸೊನ್ನೆ, ಕೆಟ್ಟ ದಿನಕ್ಕೆ ಅಡ್ಡ ಗೀಟು. ತಾನಾಗಿ ಎದ್ದನಾ, ಉಂಡನಾ, ಅಂಗಳಕ್ಕೆ ಬರಲು ಮನಸ್ಸು ಮಾಡಿದನಾ, ಇಷ್ಟೇ ಲೆಕ್ಕ. ದಿನಾ ನೋಡುವ ಕಣ್ಣಿಗೆ ಇಳಿಮುಖ ಕಾಣುವುದಿಲ್ಲ, ಗುರುತು ಹಾಕಿದರೆ ಕಾಣುತ್ತದೆ. ತಿಂಗಳ ಮೊದಲ ವಾರ ಸೊನ್ನೆ ಜಾಸ್ತಿ ಇತ್ತು. ಮೂರನೇ ವಾರ ಸಾಲಾಗಿ ಐದು ಗೀಟು. ಆರನೆಯದು ಶನಿವಾರ, ಎಲ್ಲ ಕ್ಯಾಬಿನ್ನೂ ಭರ್ತಿ.

ಸೋಮವಾರದ ತನಕ ತಡೆಯೋಣ ಅಂತ ನಾನೇ ಅಂದೆ. ಅತಿಥಿಗಳು ಹೋಗಲಿ ಅಂತ. ಆ ಮಾತು ಆಡಿದ್ದಕ್ಕೆ ನನಗೆ ಈಗಲೂ ಬೇಸರ ಇದೆ. ಅವನಿಗೆ ಶನಿವಾರ ಯಾವುದು, ಸೋಮವಾರ ಯಾವುದು. ಇವರು ಫೋನ್ ಮಾಡಿದರು. ವೆಟ್ ಮಧ್ಯಾಹ್ನ ಬಂದರು. ಅವನು ಸದಾ ಮಲಗುತ್ತಿದ್ದ ಜಗುಲಿಯ ಮೇಲೆ, ಮೊದಲು ನಿದ್ದೆ ಬರುವ ಇಂಜೆಕ್ಷನ್, ಆಮೇಲೆ ಇನ್ನೊಂದು. ತಲೆ ನನ್ನ ತೊಡೆಯ ಮೇಲಿತ್ತು. ಭಾರ ಬದಲಾದದ್ದು ಗೊತ್ತಾಯಿತು. ಉಳಿದ ನಾಯಿಗಳನ್ನು ಕರೆದು ಮೂಸಲು ಬಿಟ್ಟೆವು. ಎರಡನೇ ಕ್ಯಾಬಿನ್‌ನವರು ಒಂದು ಮಾತೂ ಆಡದೆ ಬಂದು ಗುಂಡಿ ತೋಡಲು ಕೈಹಾಕಿದರು.

ಅವನ ಹಗ್ಗ ಇನ್ನೂ ಕೀಲಿ ಹಾಕುವ ಮೊಳೆಯ ಮೇಲೇ ಇದೆ. ನಾಲ್ಕನೇ ನಂಬರಿನ ಕೀಲಿ ಬೇಕಾದರೆ ಅದನ್ನು ಸರಿಸಬೇಕು.

ಹೊಸ ಮರಿ ತರುತ್ತೀರಾ?

ಇವರಿಗೆ ಆಸೆ. ನನಗೆ ಈಗ ಬೇಡ. ಮೂಳೆ ನೋಯುವವರ ಮಧ್ಯೆ ಮರಿ ಬಿಡುವುದು ಅನ್ಯಾಯ. ಕೆಲವು ಮುದಿ ನಾಯಿಗಳು ಮರಿ ಬಂದರೆ ಚುರುಕಾಗುತ್ತವಂತೆ. ಪುಟ್ಟಿ ಆ ಜಾತಿಯಲ್ಲ.

ಚೆಕ್‌ಔಟ್ ಎಷ್ಟು ಗಂಟೆಗೆ?

ಹನ್ನೊಂದಕ್ಕೆ. ರಾಜ ನಿಮ್ಮ ಕಾರಿನ ನೆರಳಿನಲ್ಲಿ ಮಲಗಿದ್ದರೆ ಹನ್ನೆರಡಾದರೂ ಪರವಾಗಿಲ್ಲ, ಆ ಒಂದು ಗಂಟೆಗೆ ದುಡ್ಡಿಲ್ಲ. ಹಾರ್ನ್ ಹೊಡೆಯಬೇಡಿ, ಅವನಿಗೆ ಕೇಳಿಸುವುದಿಲ್ಲ. ಆಫೀಸಿನ ಬಾಗಿಲು ತಟ್ಟಿ, ಟವೆಲ್ ತರುತ್ತೇನೆ.